ಕಾರಿಲ್ಲದೆ ಸಂಡೂರಿಗೆ

ಪ್ರವಾಸವೆಂದರೆ ಈಗ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಊರಲ್ಲ, ವಾಹನ. "ಎಲ್ಲಿಗೆ ಹೋಗುತ್ತೀರಿ?" ಎಂದು ಕೇಳುವುದಕ್ಕೆ ಮುಂಚೆ "ಕಾರಿನಲ್ಲಿ ತಾನೆ?" ಎಂದು ಕೇಳುತ್ತಾರೆ. ನಾನೂ ಹಾಗೆ ಕೇಳುತ್ತಿದ್ದವನೇ. ಎರಡು ವರ್ಷದ ಕೆಳಗೆ ಕಣ್ಣಿನ ವೈದ್ಯರು ನನ್ನನ್ನು ಪರೀಕ್ಷಿಸಿ, "ಎದುರಿಗಿರುವುದು ನಿಮಗೆ ಚೆನ್ನಾಗಿಯೇ ಕಾಣುತ್ತದೆ. ಪಕ್ಕದಿಂದ ಬರುವುದು ಕಾಣುವುದಿಲ್ಲ. ಇನ್ನು ವಾಹನ ಓಡಿಸಬೇಡಿ" ಎಂದರು. ಮನೆಯಲ್ಲಿ ಓಡಿಸಬಲ್ಲವನು ನಾನೊಬ್ಬನೇ. ಕಾರನ್ನು ಮಾರಿದೆವು. ಅದು ಗೇಟು ದಾಟಿ ಹೋದ ದಿನ ಸಂಜೆ ನನ್ನ ಹೆಂಡತಿ ಕಾಫಿ ತಂದಿಟ್ಟು, "ಹಾಗಾದರೆ ರೀ, ಇನ್ನು ನಾವು ಎಲ್ಲಿಗೂ ಹೋಗೋದೇ ಇಲ್ಲವೆ?" ಎಂದಳು. ದೂರುವ ದನಿಯಲ್ಲಿ ಕೇಳಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಹೆಚ್ಚುಕಡಮೆ ಒಂದು ವರ್ಷ ಹಿಡಿಯಿತು. ಆ ಉತ್ತರವನ್ನೇ ಈ ಹೊತ್ತು ತಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ಹಾಗೆ ಕಾರಿಲ್ಲದವರು, ಇದ್ದೂ ಓಡಿಸಲಾರದವರು, ಕೇಳುತ್ತಿರುವವರಲ್ಲಿ ಅನೇಕರು ಇರಬಹುದು.

ನಮ್ಮ ಮನೆ ನಾಗಸಂದ್ರದಲ್ಲಿ. ತುಮಕೂರು ರಸ್ತೆಯ ಪಕ್ಕ, ಎಂಟನೇ ಮೈಲಿಗೆ ಸಮೀಪ. ೨೦೧೫ರ ಮೇ ತಿಂಗಳಲ್ಲಿ ಮೆಟ್ರೋ ರೈಲು ನಮ್ಮೂರಿಗೆ ಬಂತು. ೨೦೨೪ರ ನವೆಂಬರಿನಲ್ಲಿ ಅದು ಮಾದಾವರದವರೆಗೆ ಮುಂದುವರಿಯುವ ತನಕ ಹಸಿರು ಮಾರ್ಗದ ಉತ್ತರದ ಕೊನೆ ನಾವೇ ಆಗಿದ್ದೆವು. ರಾತ್ರಿ ಊಟವಾದ ಮೇಲೆ ನಾವಿಬ್ಬರೂ ರಸ್ತೆಯ ತನಕ ಅಡ್ಡಾಡಿ ಬರುವುದುಂಟು. ಆಗ ಉತ್ತರಕ್ಕೆ ಹೊರಟ ಬಸ್ಸುಗಳು ಒಂದರ ಹಿಂದೊಂದು ಹೋಗುತ್ತವೆ: ದಾವಣಗೆರೆ, ಹುಬ್ಬಳ್ಳಿ, ಹೊಸಪೇಟೆ. ಒಂದು ರಾತ್ರಿ ಅವಳು ಹೊಸಪೇಟೆಯ ಫಲಕವನ್ನು ನೋಡಿ, "ಇಷ್ಟು ಜನ ದಿನಾ ಕಾರಿಲ್ಲದೆ ಹೋಗುತ್ತಾರಲ್ಲ" ಎಂದಳು. ನನ್ನ ಬುದ್ಧಿಗೆ ಹೊಳೆಯದಿದ್ದದ್ದು ಅಷ್ಟೆ ನೋಡಿ.

ಹೊಸಪೇಟೆ ಎಂದೊಡನೆ ಹಂಪಿ ಎನ್ನುತ್ತೀರಿ. ಹಂಪಿಯನ್ನು ನಾವು ಮೂರು ಬಾರಿ ನೋಡಿದ್ದೆವು. ೧೯೮೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸ್ಥಳ ಅದು. ನೋಡತಕ್ಕದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿಗೆ ಹೋಗುವ ಜನಸಾಗರದಲ್ಲಿ ನೂರಕ್ಕೆ ಒಬ್ಬರಾದರೂ ದಕ್ಷಿಣಕ್ಕೆ ತಿರುಗಿ, ಸುಮಾರು ಮೂವತ್ತು ಕಿಲೋಮೀಟರು ದೂರದ ಸಂಡೂರಿಗೆ ಹೋಗುತ್ತಾರೆಯೇ ಎಂಬುದು ಸಂದೇಹ. ನಾವು ಗೊತ್ತುಮಾಡಿಕೊಂಡದ್ದು ಆ ಸಂಡೂರನ್ನು.

ಸಂಡೂರು ಈಗ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು. ಆದರೆ ಅದು ಒಂದು ಕಾಲಕ್ಕೆ ಸ್ವತಂತ್ರ ಸಂಸ್ಥಾನವಾಗಿತ್ತೆಂಬುದನ್ನು ಹಿರಿಯರು ಬಲ್ಲರು. ಹದಿನೆಂಟನೆಯ ಶತಮಾನದಲ್ಲಿ ಘೋರ್ಪಡೆ ಮನೆತನದ ಕೈಗೆ ಬಂದ ರಾಜ್ಯ. ಬ್ರಿಟಿಷರ ಕಾಲದಲ್ಲಿ ಮದರಾಸು ಸರ್ಕಾರದ ಕಣ್ಣಳತೆಯಲ್ಲಿದ್ದ ಐದು ಸಂಸ್ಥಾನಗಳೆಂದರೆ ತಿರುವಾಂಕೂರು, ಕೊಚ್ಚಿ, ಪುದುಕ್ಕೋಟೆ, ಬನಗಾನಪಲ್ಲಿ ಮತ್ತು ಸಂಡೂರು. ಐದರಲ್ಲಿ ಅತಿ ಚಿಕ್ಕದು ಇದು. ವಿಸ್ತಾರ ೧೬೧ ಚದರ ಮೈಲಿ. ಇಂದಿನ ಬೆಂಗಳೂರು ನಗರವೇ ಅದಕ್ಕಿಂತ ದೊಡ್ಡದು! ೧೯೪೯ರಲ್ಲಿ ಸಂಸ್ಥಾನ ಮದರಾಸು ಪ್ರಾಂತದಲ್ಲಿ ವಿಲೀನವಾಗಿ ಬಳ್ಳಾರಿ ಜಿಲ್ಲೆಗೆ ಸೇರಿತು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂತು.

ಚಿಕ್ಕ ರಾಜ್ಯ ಎಂಬುದೇ ನಮ್ಮನ್ನು ಒಲಿಸಿದ್ದು. ಕಾರಿರುವವನಿಗೆ ದೊಡ್ಡ ನಾಡು ಬೇಕು. ಬೆಳಗ್ಗೆ ಒಂದು ಊರು, ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದು. ಇಲ್ಲದಿದ್ದರೆ ಕಾರಿಗೆ ಹಾಕಿದ ಎಣ್ಣೆ ದಂಡವಾಯಿತೆಂದು ಅವನ ಮನಸ್ಸು ಕೊರಗುತ್ತದೆ. ಕಾರಿಲ್ಲದವನಿಗೆ ಸಣ್ಣ ನಾಡೇ ಸರಿ. ಒಂದು ಕಡೆ ಗಂಟುಮೂಟೆ ಇಳಿಸಿ, ದಿನಕ್ಕೊಂದು ದಿಕ್ಕಿಗೆ ಹೋಗಿ, ಸಂಜೆ ಅದೇ ಹಾಸಿಗೆಗೆ ಮರಳಬಹುದು. ಸಂಡೂರಿನ ಹಳೆಯ ರಾಜ್ಯವೆಂದರೆ ಬೆಟ್ಟಗಳ ನಡುವಣ ಒಂದು ಉದ್ದನೆಯ ಕಣಿವೆ. ಎರಡು ಪಕ್ಕದಲ್ಲೂ ಗೋಡೆಯಂತೆ ಬೆಟ್ಟದ ಸಾಲು. ನಾರಿಹಳ್ಳವೆಂಬ ತೊರೆ ಆ ಗೋಡೆಯನ್ನು ಕೊರೆದುಕೊಂಡು ಹರಿಯುತ್ತದೆ. ಇಡೀ ರಾಜ್ಯವನ್ನು ಒಂದು ಬಸ್ಸು ನಿಲ್ದಾಣದಿಂದ ನೋಡಿ ಮುಗಿಸಬಹುದಾದರೆ ಅದಕ್ಕಿಂತ ಅನುಕೂಲ ಬೇರೆ ಏನಿದೆ?

ಇನ್ನು ಸಿದ್ಧತೆಯ ಮಾತು. ಮೊದಲನೆಯದು ಕಾಲ. ಬಳ್ಳಾರಿ ಸೀಮೆಯ ಬೇಸಗೆಯನ್ನು ಬಲ್ಲವರು ಮಾರ್ಚ್, ಏಪ್ರಿಲ್, ಮೇ ತಿಂಗಳುಗಳ ಹೆಸರೆತ್ತುವುದಿಲ್ಲ. ಮಳೆಗಾಲದ ಹಿಂದೆ, ಸೆಪ್ಟೆಂಬರಿನಿಂದ ನವೆಂಬರಿನ ತನಕ ಒಳ್ಳೆಯದು. ಗಾಂಧೀಜಿಯವರು ೧೯೩೪ರಲ್ಲಿ ಹರಿಜನ ಯಾತ್ರೆಯ ಸಂದರ್ಭದಲ್ಲಿ ಸಂಡೂರಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಅವರು ಹೇಳಿದರೆಂಬ ಮಾತು ಅಲ್ಲಿ ಇಂದಿಗೂ ಬಾಯಿಂದ ಬಾಯಿಗೆ ನಡೆದುಬಂದಿದೆ. ನಾವು ಹೋದದ್ದು ಅಕ್ಟೋಬರಿನ ಮೊದಲ ವಾರ. ಬೆಟ್ಟದ ಮೈ ಹಸಿರು, ಮಳೆಯಲ್ಲಿ ತೊಳೆದ ದಾರಿ ಕೆಂಪು. ಆ ಎರಡು ಬಣ್ಣ ಸಾಲದೆಂದು ಯಾರೂ ಹೇಳಲಾರರು.

ಎರಡನೆಯದು ದಾರಿ. ರೈಲಿನಲ್ಲಿ ಹೋಗುವವರು ಹೊಸಪೇಟೆಯಲ್ಲಿ ಇಳಿಯಬೇಕು. ಮೈಸೂರಿನಿಂದ ಬೆಂಗಳೂರಿನ ಮೇಲೆ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ನಮ್ಮೂರು ಬಿಟ್ಟು, ಗುಂತಕಲ್ಲು, ಬಳ್ಳಾರಿಗಳನ್ನು ಹಾದು ಬೆಳಗ್ಗೆ ಹೊಸಪೇಟೆಗೆ ಮುಟ್ಟಿಸುತ್ತದೆ. ನಾಗಸಂದ್ರದಿಂದ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್ಕಿನಲ್ಲಿ ಇಳಿಯಬಹುದು. ರೈಲು ನಿಲ್ದಾಣ ಒಂದು ಪಕ್ಕ, ಬಸ್ಸು ನಿಲ್ದಾಣ ಇನ್ನೊಂದು ಪಕ್ಕ. ಬಸ್ಸಿನಲ್ಲಿ ಹೋಗುವವರಿಗೆ ತುಮಕೂರು, ಚಿತ್ರದುರ್ಗ, ಕೂಡ್ಲಿಗಿಯ ದಾರಿ. ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು. ಬಸ್ಸು ಹೇಗೂ ನಮ್ಮ ಮನೆಯ ಮುಂದೆಯೇ ಬರುತ್ತದಲ್ಲ, ಇಲ್ಲೇ ಹತ್ತೋಣ ಎಂದು ರಾತ್ರಿ ಹೊತ್ತು ರಸ್ತೆಬದಿಯಲ್ಲಿ ನಿಲ್ಲಬೇಡಿ. ಪೀಣ್ಯದ ಮೇಲ್ಸೇತುವೆಯ ಮೇಲೆ ಹೋಗುವ ಬಸ್ಸು ಕೆಳಗೆ ಕೈಬೀಸುವವರನ್ನು ಕಾಣುವುದಿಲ್ಲ. ಎಲ್ಲಿ ಹತ್ತಿಸಿಕೊಳ್ಳುತ್ತಾರೆಂಬುದನ್ನು ಟಿಕೆಟ್ಟು ಕೊಳ್ಳುವಾಗಲೇ ಕೇಳಿ ಗೊತ್ತುಮಾಡಿಕೊಳ್ಳಿ. ಸ್ವಲ್ಪ ಹಿಂದಕ್ಕೆ ಹೋದಂತಾದರೂ ಚಿಂತೆಯಿಲ್ಲ, ಮೆಜೆಸ್ಟಿಕ್ಕಿಗೆ ಹೋಗಿ ಹತ್ತುವುದು ನೆಮ್ಮದಿ. ಮರಳಿ ಬರುವುದು ಭಾನುವಾರ ಬೆಳಗಾದರೆ, ಆ ದಿನ ಮೆಟ್ರೋ ಉಳಿದ ದಿನಗಳಿಗಿಂತ ತಡವಾಗಿ ಹೊರಡುತ್ತದೆಂಬುದನ್ನೂ ಮರೆಯಬೇಡಿ.

ಹೊಸಪೇಟೆಯಿಂದ ಸಂಡೂರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಿವೆ. ೨೦೨೩ರ ಜೂನ್ ೧೧ರಿಂದ ನಡೆದುಬಂದಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲ. ವಿಳಾಸವಿರುವ ಗುರುತಿನ ಚೀಟಿ ಕೈಚೀಲದಲ್ಲಿ ಇದ್ದರೆ ಸಾಕು. ಐಷಾರಾಮಿ ಬಸ್ಸು, ಮಲಗುವ ಬಸ್ಸುಗಳಿಗೆ ಇದು ಅನ್ವಯಿಸದು. ಈ ಪ್ರವಾಸದುದ್ದಕ್ಕೂ ನನ್ನ ಹೆಂಡತಿ ಸೊನ್ನೆಯ ಟಿಕೆಟ್ಟುಗಳನ್ನು ಜೋಡಿಸಿಟ್ಟುಕೊಂಡು, "ನನ್ನ ಖರ್ಚು ಇಷ್ಟು, ನಿಮ್ಮದು ಎಷ್ಟು?" ಎಂದು ಲೆಕ್ಕ ಕೇಳುತ್ತಿದ್ದಳು.

ಮೂರನೆಯದು ಸಾಮಾನು. ಒಬ್ಬರಿಗೆ ಒಂದು ಚೀಲ. ತಾನೇ ಎತ್ತಿ ಮೆಟ್ಟಿಲು ಹತ್ತಬಲ್ಲಷ್ಟು ಮಾತ್ರ. ಹೊರಡುವ ಹಿಂದಿನ ದಿನ ಚೀಲ ತುಂಬಿ, ಭುಜಕ್ಕೆ ಹಾಕಿ, ಮಹಡಿಗೆ ಒಮ್ಮೆ ಹತ್ತಿ ಇಳಿಯಿರಿ. ಏದುಸಿರು ಬಂದರೆ ಎರಡು ಬಟ್ಟೆ ತೆಗೆದಿಡಿ. ನಾಲ್ಕನೆಯದು ತಂಗುವ ಜಾಗ. ಸಂಡೂರು ದೊಡ್ಡ ಪ್ರವಾಸಿ ಕೇಂದ್ರವಲ್ಲ. ವಸತಿಗೃಹಗಳು ಕೆಲವೇ. ಗಣಿ ಕೆಲಸಕ್ಕೆ ಬಂದವರಿಂದ ಅವು ತುಂಬಿರುವುದೂ ಉಂಟು. ಮೊದಲೇ ಫೋನು ಮಾಡಿ ಗೊತ್ತುಮಾಡಿಕೊಳ್ಳಿ. ಸಿಗದಿದ್ದರೆ ಹೊಸಪೇಟೆಯಲ್ಲಿ ಉಳಿದು, ಬೆಳಗ್ಗೆ ಹೋಗಿ ಸಂಜೆ ಬರಬಹುದು.

ಐದನೆಯದೊಂದಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಆದರೆ ಅದನ್ನು ನಾನು ಮನೆಯಲ್ಲಿ ಕುಳಿತು ಕಲಿಯಲಿಲ್ಲ, ಬೆಟ್ಟದ ಮೇಲೆ ಕಲಿತೆ. ಅದನ್ನು ಅಲ್ಲಿಗೆ ಹೋದಾಗಲೇ ಹೇಳುತ್ತೇನೆ.

ಮೊದಲ ದಿನ ಪೇಟೆಯಲ್ಲೇ ಕಳೆದೆವು. ಬೆಳಗಿನ ತಿಂಡಿಗೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಬಜ್ಜಿ ಕಚ್ಚಿದ ಮೇಲೆ ಸ್ವಲ್ಪ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆ ಲಂಬಾಣಿ ಕಸೂತಿಯ ಕೆಲಸ ನಡೆಯುವ ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಹೋದೆವು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮನ್ನಣೆಯಿದೆ. ೨೦೨೩ರ ಜುಲೈಯಲ್ಲಿ ಹಂಪಿಯಲ್ಲಿ ಜಿ-೨೦ ದೇಶಗಳ ಸಂಸ್ಕೃತಿ ಸಭೆ ಸೇರಿದಾಗ, ಇಲ್ಲಿನ ೪೫೦ಕ್ಕೂ ಹೆಚ್ಚು ಹೆಣ್ಣುಮಕ್ಕಳ ಕೈಯಿಂದ ಬಂದ ೧,೭೫೫ ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ತೋರಿಸಿದ್ದು ಗಿನ್ನೆಸ್ ದಾಖಲೆಯಾಯಿತು. ನನ್ನ ಹೆಂಡತಿ ಒಂದು ಚೀಲವನ್ನು ಕೊಂಡಳು. ಅದರ ಹಿಂಬದಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಮುಂದೆ ಎಷ್ಟು ಚೊಕ್ಕವೋ ಹಿಂದೆಯೂ ಅಷ್ಟೇ ಚೊಕ್ಕ" ಎಂದಳು. ಹೊಲಿಗೆ ಬಲ್ಲವರಿಗೆ ಆ ಮಾತಿನ ಬೆಲೆ ಗೊತ್ತು.

ಎರಡನೆಯ ದಿನ ಕುಮಾರಸ್ವಾಮಿ ಬೆಟ್ಟ. ಪೇಟೆಯಿಂದ ಹತ್ತು ಹನ್ನೆರಡು ಕಿಲೋಮೀಟರು. ಕ್ರೌಂಚಗಿರಿಯೆಂದೂ ಹೇಳುತ್ತಾರೆ. ಕಾಡಿನ ನಡುವೆ ಎರಡು ಪ್ರಾಚೀನ ಗುಡಿಗಳು: ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿಯ ಗುಡಿ, ಅದಕ್ಕಿಂತ ಈಚಿನ, ರಾಷ್ಟ್ರಕೂಟರ ಕಾಲದ ಕುಮಾರಸ್ವಾಮಿಯ ಗುಡಿ. ೧೯೩೨ರಲ್ಲಿ ಸಂಡೂರಿನ ರಾಜರಾಗಿದ್ದ ಯಶವಂತರಾವ್ ಘೋರ್ಪಡೆಯವರು ಈ ಗುಡಿಯನ್ನು ಹರಿಜನರಿಗೆ ತೆರೆದರು. ತಿರುವಾಂಕೂರಿನ ಪ್ರಸಿದ್ಧ ದೇವಾಲಯ ಪ್ರವೇಶದ ಘೋಷಣೆ ಬಂದದ್ದು ೧೯೩೬ರಲ್ಲಿ. ಅತಿ ಚಿಕ್ಕ ರಾಜ್ಯ ದೊಡ್ಡ ರಾಜ್ಯಕ್ಕಿಂತ ನಾಲ್ಕು ವರ್ಷ ಮುಂಚೆ ಹೆಜ್ಜೆ ಇಟ್ಟಿತ್ತು. ಗಾಂಧೀಜಿಯವರು ಇದನ್ನು ಮೆಚ್ಚಿದ್ದರು.

ಆದರೆ ಕುಮಾರಸ್ವಾಮಿಯ ಗುಡಿಯೊಳಕ್ಕೆ ಹೆಂಗಸರು ಹೋಗುವುದಿಲ್ಲವೆಂಬ ಸಂಪ್ರದಾಯವೊಂದಿದೆ. ತಾಯಿಯ ಮೇಲೆ ಮುನಿದು ಬಂದು ಇಲ್ಲಿ ನಿಂತ ದೇವರೆಂದು ಕಥೆ. ಇದನ್ನು ಮೊದಲೇ ತಿಳಿದು ಹೋಗುವುದು ಒಳ್ಳೆಯದು. ಬಾಗಿಲವರೆಗೆ ನಡೆದು ಆಮೇಲೆ ತಿಳಿದರೆ ಮನಸ್ಸಿಗೆ ನೋವು. ನನ್ನ ಹೆಂಡತಿಗೆ ಗೊತ್ತಿತ್ತು. "ನೀವು ಹೋಗಿ ಮಗನನ್ನು ನೋಡಿ ಬನ್ನಿ. ನಾನು ಅಮ್ಮನ ಹತ್ತಿರ ಕೂತಿರುತ್ತೇನೆ" ಎಂದು ಪಾರ್ವತಿಯ ಗುಡಿಯಲ್ಲಿ ಕುಳಿತಳು. ನಾನು ಹೋಗಿ ಬೇಗನೆ ಮರಳಿದೆ. ಹರಿಜನರಿಗೆ ೧೯೩೨ರಲ್ಲಿ ತೆರೆದ ಬಾಗಿಲು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮುಂದಿನದನ್ನು ಅವಳ ಮುಖ ನೋಡಿ ನುಂಗಿಕೊಂಡೆ.

ನಾನು ಹೇಳುತ್ತೇನೆಂದಿದ್ದ ಐದನೆಯ ಪಾಠ ಇಲ್ಲಿಯದು. ಬರುವಾಗ ಬಸ್ಸಿನಲ್ಲಿ ಬಂದಿದ್ದೆವು. ಇಳಿಯುವಾಗ ನಿರ್ವಾಹಕರು ಮರಳುವ ಬಸ್ಸಿನ ಹೊತ್ತನ್ನು ಹೇಳಿದ್ದರು. ನಾನು ಕಾಡಿನ ಕಡೆ ನೋಡುತ್ತ ಅರ್ಧ ಕಿವಿಯಲ್ಲಿ ಕೇಳಿದೆ; ಬರೆದುಕೊಳ್ಳಲಿಲ್ಲ. ಗುಡಿಯಿಂದ ಈಚೆಗೆ ಬಂದಾಗ ಹಣ್ಣುಕಾಯಿ ಅಂಗಡಿಯ ಹೆಂಗಸು ನಮ್ಮನ್ನು ನೋಡಿ, "ಬಸ್ಸು ಆವಾಗ್ಲೆ ಹೋತಲ್ರೀ ಯಪ್ಪಾ. ಇವತ್ತಿಗೆ ಇನ್ನ ಇಲ್ರಿ" ಎಂದರು. ಬಿಸಿಲು ಇಳಿಯುತ್ತಿತ್ತು. ಮುಸ್ಸಂಜೆಯಲ್ಲಿ ನನ್ನ ಕಣ್ಣು ಇನ್ನೂ ಮಂದ. ಘಾಟಿಯ ದಾರಿಯಲ್ಲಿ ನಡೆದು ಇಳಿಯುವ ಮಾತೇ ಇಲ್ಲ. ಕಾರಿದ್ದಿದ್ದರೆ ಎಂಬ ಯೋಚನೆ ನನಗೆ ಬಂತು. ಅವಳಿಗೂ ಬಂದಿರಬೇಕು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಆ ಹೆಂಗಸೇ ನಮ್ಮನ್ನು ಉಳಿಸಿದರು. ಅವರ ಮಗ ಸಾಮಾನಿನ ಆಟೋದಲ್ಲಿ ಅಂಗಡಿಯ ಮೂಟೆಗಳನ್ನು ಕೆಳಗೆ ಒಯ್ಯುವವನಿದ್ದ. ನನ್ನ ಹೆಂಡತಿಯನ್ನು ಮುಂದೆ ಕೂರಿಸಿದರು. ನಾನು ಹಿಂದೆ ತೆಂಗಿನಕಾಯಿ ಚೀಲಗಳ ನಡುವೆ, ಆ ತಾಯಿಯ ಎದುರಿಗೆ ಕುಳಿತೆ. ಅದಿರು ತುಂಬಿದ ಲಾರಿಗಳು ಎದುರಾದಾಗಲೆಲ್ಲ ಅವರು ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ನಾನೂ ಕರವಸ್ತ್ರ ತೆಗೆದೆ. ಗಣಿಯ ಮಾತು ಬಂತು. "ಗಣಿ ನಡದ್ರ ಧೂಳು ರೀ. ನಿಂತ್ರ ಕೂಲಿ ಇಲ್ಲ. ಯಾವುದು ಬೇಕಂತ ನಮ್ಮನ್ನ ಯಾರ್ ಕೇಳ್ತಾರ?" ಎಂದರು.

ಈ ಮಾತಿನ ಹಿಂದೆ ದೊಡ್ಡ ಇತಿಹಾಸವಿದೆ. ಈ ಬೆಟ್ಟಗಳೆಂದರೆ ಕಬ್ಬಿಣ ಮತ್ತು ಮ್ಯಾಂಗನೀಸ್. ಸಂಡೂರು ಮ್ಯಾಂಗನೀಸ್ ಕಂಪನಿ ೧೯೫೪ರಲ್ಲಿ ಸ್ಥಾಪಿತವಾಯಿತು. ದೋಣಿಮಲೆಯ ಸರ್ಕಾರಿ ಕಬ್ಬಿಣದ ಗಣಿ ೧೯೭೭ರಲ್ಲಿ ಆರಂಭವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಅಕ್ರಮ ಗಣಿಗಾರಿಕೆ ಎಲ್ಲೆ ಮೀರಿದಾಗ, ೨೦೧೧ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಮುಂದೆ ಷರತ್ತುಗಳಿಗೆ ಒಳಪಟ್ಟು ಅವು ಮತ್ತೆ ತೆರೆದವು. ೨೦೨೪ರಲ್ಲಿ ದೇವದಾರಿ ಗುಡ್ಡದ ಹೊಸ ಗಣಿಯ ಪ್ರಸ್ತಾಪ ಬಂದು, ಲಕ್ಷಕ್ಕೆ ಹತ್ತಿರ ಮರಗಳು ಹೋಗುತ್ತವೆಂದು ರಾಜ್ಯದಲ್ಲೆಲ್ಲ ಚರ್ಚೆ ನಡೆಯಿತು. ಇವನ್ನೆಲ್ಲ ನಾನು ನಾಗಸಂದ್ರದಲ್ಲಿ ಕುಳಿತು ಪತ್ರಿಕೆಯಲ್ಲಿ ಓದಿದ್ದವನು. ನಮ್ಮ ಮನೆಯ ಹಿಂದೆಯೇ ಪೀಣ್ಯದ ಕೈಗಾರಿಕಾ ಪ್ರದೇಶ. ಬೆಳಗಾದರೆ ಲೇತುಗಳು ಕಬ್ಬಿಣ ಕೊರೆಯುವ ಸದ್ದು. ಆ ಕಬ್ಬಿಣ ಎಲ್ಲಿಂದ ಹೊರಟಿತೆಂದು ನಾನು ಒಂದು ದಿನವೂ ಕೇಳಿಕೊಂಡವನಲ್ಲ. ಯಾವ ಬೆಟ್ಟದ್ದೋ ನನಗೆ ತಿಳಿಯದು. ಯಾವುದೋ ಒಂದು ಬೆಟ್ಟದ್ದಂತೂ ಹೌದು. ಕಿಟಕಿಯ ಗಾಜು ಏರಿಸಿಕೊಂಡು ನಮ್ಮದೇ ಕಾರಿನಲ್ಲಿ ಹೋಗಿದ್ದರೆ, ಆ ತಾಯಿಯ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಿರಲಿಲ್ಲ.

ಪೇಟೆಯಲ್ಲಿ ಇಳಿದು ಹಣ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. "ನಾಳೆ ಬಸ್ಸಿನ ಟೈಮು ಕೇಳ್ಕೊಂಡು ಬರ‍್ರಿ" ಎಂದು ಮಾತ್ರ ಹೇಳಿದರು. ಐದನೆಯ ಪಾಠ ಇಷ್ಟೇ: ಹೋಗುವುದನ್ನು ಆಮೇಲೆ ಯೋಚಿಸಿ, ಮರಳುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಬಸ್ಸಿನಿಂದ ಇಳಿದೊಡನೆ ಕೊನೆಯ ಬಸ್ಸಿನ ಹೊತ್ತನ್ನು ಇಬ್ಬರನ್ನು ಕೇಳಿ: ಒಬ್ಬರು ನಿರ್ವಾಹಕರು, ಇನ್ನೊಬ್ಬರು ಅಲ್ಲಿನ ಅಂಗಡಿಯವರು. ಇಬ್ಬರ ಮಾತೂ ಒಂದೇ ಆದರೆ ಚೀಟಿಯಲ್ಲಿ ಬರೆದಿಡಿ. ಬೇರೆಯಾದರೆ ಮುಂಚಿನ ಹೊತ್ತನ್ನೇ ನಂಬಿ. ಬಸ್ಸು ಅಪರೂಪವಾದ ಕಡೆಗೆ ಅರ್ಧ ದಿನಕ್ಕೆ ಆಟೋ ಗೊತ್ತುಮಾಡಿ, ಹೋಗುವ ಬಾಡಿಗೆ, ಕಾಯುವ ಬಾಡಿಗೆ, ಬರುವ ಬಾಡಿಗೆ ಮೂರನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳಿ.

ಮೂರನೆಯ ದಿನ ಹಾಗೆಯೇ ಮಾಡಿದೆವು. ಆಟೋದಲ್ಲಿ ನಾರಿಹಳ್ಳದ ಜಲಾಶಯಕ್ಕೆ ಹೋದೆವು. ಎರಡು ಬೆಟ್ಟಗಳ ನಡುವೆ ನೀರು ನಿಂತಿದೆ. ನಮ್ಮನ್ನು ಬಿಟ್ಟರೆ ಅಲ್ಲಿ ಇದ್ದವರು ಬಟ್ಟೆ ಒಗೆಯುತ್ತಿದ್ದ ಇಬ್ಬರು ಹುಡುಗಿಯರು. ಆಟೋದವರು ಮರದ ಕೆಳಗೆ ಮಲಗಿದರು. ನಾವು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ನನ್ನ ಕಣ್ಣಿಗೆ ಎದುರಿನ ನೀರು ಸ್ಪಷ್ಟವಾಗಿ ಕಂಡಿತು. ಪಕ್ಕದ ಬೆಟ್ಟದ ಮೇಲೆ ಏನಿದೆ ಎಂದು ಅವಳು ಹೇಳುತ್ತ ಹೋದಳು. ಓಡಿಸುವಾಗ ನಾನು ರಸ್ತೆಯನ್ನು ನೋಡುತ್ತಿದ್ದೆ, ಅವಳು ಹೇಳಿದ್ದನ್ನು ಕೇಳುತ್ತಿರಲಿಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಬೆಟ್ಟಗಳನ್ನು ಹಾಗೆ ಕಳೆದುಕೊಂಡೆನೋ ಲೆಕ್ಕವಿಲ್ಲ.

ಆ ರಾತ್ರಿ ಹೊಸಪೇಟೆಯಲ್ಲಿ ರೈಲು ಹತ್ತಿ, ಬೆಳಗ್ಗೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಮೆಟ್ರೋದಲ್ಲಿ ನಾಗಸಂದ್ರಕ್ಕೆ ಬಂದೆವು. ಚೀಲ ಕೊಡವಿದಾಗ ಅಂಗಳದಲ್ಲಿ ಕೆಂಪು ಧೂಳು ಬಿತ್ತು. ಅವಳು ಅದನ್ನು ಗುಡಿಸಿ ತುಳಸಿಯ ಕುಂಡಕ್ಕೆ ಹಾಕಿ, "ಮುಂದಿನ ಸಲ ಎಲ್ಲಿಗೆ ರೀ?" ಎಂದಳು.

ತಮ್ಮ ಮನೆಯಲ್ಲೂ ಯಾರಾದರೂ ಈ ಪ್ರಶ್ನೆಯನ್ನು ಕೇಳದೆ ಸುಮ್ಮನಿರಬಹುದು. ವಯಸ್ಸಾದ ತಾಯಿಯಿರಬಹುದು, ಓಡಿಸುವುದನ್ನು ಬಿಟ್ಟ ತಂದೆಯಿರಬಹುದು. ದೂರದ ದೊಡ್ಡ ನಾಡಿನ ಆಸೆಯನ್ನು ಸ್ವಲ್ಪ ಬದಿಗಿಟ್ಟು, ಹಳೆಯ ಭೂಪಟವನ್ನು ತೆರೆದು ನೋಡಿ. ಮುಧೋಳ, ಜಮಖಂಡಿ, ರಾಮದುರ್ಗ, ಸವಣೂರು — ಇವೆಲ್ಲ ಒಂದು ಕಾಲದ ಪುಟ್ಟ ರಾಜ್ಯಗಳೇ. ಒಂದು ಚೀಲ, ಒಂದು ಗುರುತಿನ ಚೀಟಿ, ಕೊನೆಯ ಬಸ್ಸಿನ ಹೊತ್ತು ಬರೆದ ಒಂದು ಕಾಗದ, ಇಷ್ಟಿದ್ದರೆ ಸಾಕು. ಇಂದು ರಾತ್ರಿ ಊಟವಾದ ಮೇಲೆ ಅವರನ್ನು ಕರೆದು, "ಎಲ್ಲಿಗೆ ಹೋಗೋಣ?" ಎಂದು ನೀವೇ ಮೊದಲು ಕೇಳಿಬಿಡಿ.